ಅತ್ತೆ ಕೇಳಿದ ಒಣ ಮಣ್ಣು

ನನ್ನ ಮಾವನ ಅಣ್ಣ ತೀರಿಕೊಂಡದ್ದು ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿನಲ್ಲಿ. ತುಂಬು ವಯಸ್ಸಿನ ಮನುಷ್ಯ. ಬೆಳಿಗ್ಗೆ ರೊಟ್ಟಿ ತಿಂದು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. "ಪುಣ್ಯವಂತ, ಯಾರಿಗೂ ತ್ರಾಸ ಕೊಡಲಿಲ್ಲ" ಎಂದು ಬಂದವರೆಲ್ಲ ಅನ್ನುತ್ತಿದ್ದರು. ಮನೆಯಲ್ಲಿ ಅಳು ಇತ್ತು, ಜೊತೆಗೆ ಒಂದು ಸಮಾಧಾನವೂ ಇತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಅದರೊಳಗೆ ಕುಳ್ಳಿರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮಾಡುತ್ತೇವೆ. ನಮ್ಮ ಮನೆತನದವರ ಜಾಗ ನಮ್ಮ ಹೊಲದ ಮೂಲೆಯಲ್ಲೇ ಇದೆ. ನವಲಗುಂದ ತಾಲೂಕಿನ ಕರಿ ಮಣ್ಣಿನ ಎರೆಹೊಲ, ನಿಂತು ನೋಡಿದರೆ ಹಾಸಿದ ಜಮಖಾನದ ಹಾಗೆ ಸಪಾಟು. ಆದರೂ ಮಳೆ ಬಂದಾಗ ಗೊತ್ತಾಗುತ್ತದೆ, ಅದು ಪೂರ್ವಕ್ಕಿರುವ ಹಳ್ಳದ ಕಡೆ ಸ್ವಲ್ಪ ವಾಲಿದೆ ಎಂದು. ಮೇಲಿನ ಅರ್ಧ ದೊಡ್ಡವರ, ಅಂದರೆ ಈಗ ತೀರಿಕೊಂಡವರ ಪಾಲಿಗೆ, ಕೆಳಗಿನ ಅರ್ಧ ನನ್ನ ಮಾವನ ಪಾಲಿಗೆ ಬಂದಿತ್ತು. ಕೆಳಗಿನ ಹೊಲದ ಒಡ್ಡಿನ ಹತ್ತಿರ, ಒಂದು ಬೇವಿನ ಗಿಡದ ನೆರಳಿನಲ್ಲಿ ಹಿರಿಯರೆಲ್ಲ ಮಲಗಿದ್ದಾರೆ. ನನ್ನ ಮಾವನೂ ಅಲ್ಲೇ.

ಅವತ್ತು ಕುಣಿ ತೋಡಲು ಹೋದವರು ಮಧ್ಯಾಹ್ನದ ಹೊತ್ತಿಗೆ ಒಬ್ಬನನ್ನು ಮನೆಗೆ ಓಡಿಸಿದರು. ಬಕೆಟ್ ಬೇಕಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ. ನಾವು ಹೆಣ್ಣುಮಕ್ಕಳು ಹಿಂದಿನಿಂದ ಹೊಲಕ್ಕೆ ಹೋದಾಗ ಕಂಡಿತು. ಎದೆಯುದ್ದ ಆಳಕ್ಕೆ ಹೋಗುವಷ್ಟರಲ್ಲಿ ಕುಣಿಯ ಗೋಡೆ ಬೆವತು, ತಳದಲ್ಲಿ ನೀರು ನಿಂತಿತ್ತು. ಮಳೆ ನಿಂತು ಎಷ್ಟೋ ವಾರವಾಗಿತ್ತು. ತೀರಿಕೊಂಡವರ ಮಗ, ನನ್ನ ಗಂಡನಿಗೆ ಅಣ್ಣ, ನನಗೆ ಭಾವ, ತಾನೇ ಒಳಗೆ ಇಳಿದು ಬಗ್ಗಿ ಬಗ್ಗಿ ನೀರು ತುಂಬಿಕೊಡುತ್ತಿದ್ದರು. ಮೇಲಿದ್ದವರು ಎಳೆದು ಚೆಲ್ಲುತ್ತಿದ್ದರು. ಚೆಲ್ಲಿದಷ್ಟೂ ಮತ್ತೆ ಜಿನುಗುತ್ತಿತ್ತು. ಕಡೆಗೆ ಹಳ್ಳದಿಂದ ಟ್ರ್ಯಾಕ್ಟರಿನಲ್ಲಿ ಉಸುಕು ತಂದು ಸುರುವಿ, ಅದರ ಮೇಲೆ ಉಪ್ಪು, ವಿಭೂತಿ ಹಾಕಿ, ಅವಸರದಲ್ಲಿ ಕಾರ್ಯ ಮುಗಿಸಿದರು. ಅಯ್ಯನವರು ಮಂತ್ರ ಹೇಳುತ್ತಿರುವಾಗಲೂ ಉಸುಕಿನ ಬಣ್ಣ ಕಪ್ಪಗಾಗುತ್ತ ಹೋದದ್ದು ನನ್ನ ಕಣ್ಣಿಗೆ ಬಿತ್ತು.

ನನ್ನ ಅತ್ತೆ ಒಡ್ಡಿನ ಮೇಲೆ ನಿಂತು ಎಲ್ಲವನ್ನೂ ನೋಡಿದರು. ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು, ಯಾಕೆಂದರೆ ಸುಮ್ಮನಿರುವುದು ಅವರ ಜಾಯಮಾನವಲ್ಲ.

ಮಾತು ಬಂದದ್ದು ದಿನಕರ್ಮವೆಲ್ಲ ಮುಗಿದ ಮೇಲೆ. ನಾನು ರೊಟ್ಟಿ ಬಡಿಯುತ್ತಿದ್ದೆ, ನನ್ನ ಗಂಡ ಉಣ್ಣುತ್ತಿದ್ದರು. ಅತ್ತೆ ತಮ್ಮ ತಾಟನ್ನು ಸರಿಸಿಟ್ಟು ಹೇಳಿದರು.

"ಒಂದು ಮಾತು ಹೇಳ್ತೀನಿ, ಇಬ್ಬರೂ ಕೇಳ್ರಿ. ನನ್ನ ನೀರಾಗ ಕುಂಡ್ರಸಬ್ಯಾಡ್ರಿ."

"ಈಗ್ಯಾಕ ಆ ಮಾತು ಬೇ? ನಿನಗೇನಾಗೇತಿ?" ಎಂದರು ನನ್ನ ಗಂಡ.

"ಏನೂ ಆಗಿಲ್ಲ. ಆಗೂಕಿಂತ ಮದಲ ಹೇಳಾಕತ್ತೀನಿ. ನೆಲದಾಗ ಹಗೇವು ತೋಡಿ ತುಂಬಿಟ್ಟ ಜೋಳಕ್ಕ ನೀರು ಬಡದ್ರ ಏನಾಗ್ತೈತಿ? ನಾ ಜೋಳಕ್ಕಿಂತ ಕಡಿಮಿ ಏನು?"

"ಹಂಗಾದ್ರ ಊರ ಹೊರಗ ರುದ್ರಭೂಮಿ ಐತೆಲ್ಲ, ಎತ್ತರದ ಜಾಗ, ಅಗದಿ ಒಣಾ."

"ನಿಮ್ಮಪ್ಪ ಬೇವಿನ ಗಿಡದ ಬುಡಕ ಕುಂತಾನ. ನಾ ಅಲ್ಲಿ ಹೋಗಿ ಒಬ್ಬಾಕೀನ ಏನ್ ಮಾಡ್ಲಿ? ಮಂದೀ ಕೂಡ ಮಾತಾಡ್ಕೋತ ಕುಂಡ್ರಲಿ?"

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಅವರ ಕಣ್ಣು ತುಂಬಿತ್ತು.

ಆಮೇಲೆ ಅವರ ಊಟ ಕಡಿಮೆಯಾಯಿತು. ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ರಕ್ತ, ಸಕ್ಕರೆ, ಬಿಪಿ ಎಲ್ಲ ಸರಿಯಿದೆ ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಕಿಟಕಿಯಿಂದ ಕಾಲುವೆ ನೋಡುತ್ತ, "ನೀರು ಬರ್ಲಿ ಅಂತ ನಾವ ಕೈ ಮುಗದಿದ್ವಿ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ನನ್ನ ಮಾವನನ್ನು ಮಣ್ಣು ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಆಗ ಹೊಸ ಸೊಸೆ. ಅದೇ ಬೇವಿನ ಗಿಡ, ಹೆಚ್ಚೂಕಡಿಮೆ ಅದೇ ಋತು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಮಣ್ಣು ಕಲ್ಲಿನಂಥ ಹೆಂಟೆಗಳಾಗಿ ಎದ್ದು ಬರುತ್ತಿತ್ತು. ಸುತ್ತಲಿನ ನೆಲದಲ್ಲಿ ಕೈ ತೂರಿಸಿದರೆ ಮೊಣಕೈವರೆಗೂ ಹೋಗುವಂಥ ಬಿರುಕುಗಳಿದ್ದವು. ಆ ನೆಲ ಈಗ ಹೀಗೆ ಒದ್ದೆಯಾದದ್ದು ಹೇಗೆ?

ನಾನು ಕಲಘಟಗಿ ಕಡೆಯವಳು. ತಂಬೂರಿನ ಬಾಜು ನನ್ನ ತವರು. ಅಲ್ಲಿ ಭತ್ತದ ಗದ್ದೆ ಹೆಚ್ಚು. ನಾಟಿಗೆ ಮುಂಚೆ ನನ್ನ ಅಪ್ಪ ಗದ್ದೆಗೆ ನೀರು ಕಟ್ಟಿ, ಎತ್ತುಗಳನ್ನು ತಿರುಗಿಸಿ ತಿರುಗಿಸಿ, ಮಣ್ಣನ್ನು ಅಂಬಲಿಯ ಹಾಗೆ ರಾಡಿ ಮಾಡುತ್ತಿದ್ದ. ನಾವು ಮಕ್ಕಳು ಅದರಲ್ಲಿ ಬಿದ್ದು ಹೊರಳಾಡುತ್ತಿದ್ದೆವು. ಹಾಗೆ ತುಳಿದು ತುಳಿದು ಕೂತ ಮಣ್ಣು ತಳದಲ್ಲಿ ಗಾರೆ ಹಾಕಿದ ಹಾಗೆ ಬಿಗಿಯುತ್ತಿತ್ತು. ನೀರು ಮೇಲೆಯೇ ನಿಲ್ಲುತ್ತಿತ್ತು. ಒಂದು ವರ್ಷ ಅಪ್ಪ ಭತ್ತ ಬಿಟ್ಟು, ಆ ಗದ್ದೆಯನ್ನು ಆಳವಾಗಿ ಟ್ರ್ಯಾಕ್ಟರ್ ನೇಗಿಲಿನಲ್ಲಿ ಸೀಳಿಸಿ ಗೋವಿನಜೋಳ ಹಾಕಿದ. ಆ ಮಳೆಗಾಲ ಗದ್ದೆಯಲ್ಲಿ ನೀರೇ ನಿಲ್ಲಲಿಲ್ಲ. ಬದಲಿಗೆ ಕೆಳಗಿನ ಮನೆಯವರ ಹಿತ್ತಲಲ್ಲಿ ಎಂದೂ ಇಲ್ಲದ ಒರತೆ ಎದ್ದು, ಅವರ ದನದ ಕೊಟ್ಟಿಗೆ ಕೆಸರಾಯಿತು. "ನಾ ಮ್ಯಾಲೆ ಏನ್ ಬಿತ್ತಿದೆ ಅನ್ನೂದು ತೆಳಗಿನ ಮನಿ ದನಕ್ಕ ಮದಲ ಗೊತ್ತಾತು ನೋಡು" ಎಂದು ಅಪ್ಪ ಅದನ್ನು ಬಹಳ ದಿನ ಹೇಳಿಕೊಂಡು ನಗುತ್ತಿದ್ದ.

ಅದು ನೆನಪಾದ ಮೇಲೆ ಒಂದು ಸಂಜೆ ನನ್ನ ಗಂಡನನ್ನು ಕೇಳಿದೆ, "ರೀ, ಮಾವ ಹೋದಾಗ ಮ್ಯಾಲಿನ ಹೊಲದಾಗ ಏನಿತ್ತು?"

"ಏನಿರ್ತೈತಿ, ಜೋಳ. ವರ್ಷಾ ಜೋಳ, ಇಲ್ಲಂದ್ರ ಕಡ್ಲಿ."

"ಈಗ?"

ಮೇಲಿನ ಹೊಲದಲ್ಲಿ ಈಗ ಕಬ್ಬಿದೆ ಎಂಬುದು ಊರಿಗೇ ಗೊತ್ತು.

ಮರುದಿನ ಇಬ್ಬರೂ ಹೋಗಿ ನೋಡಿದೆವು. ಜೋಳ, ಕಡಲೆ ಇದ್ದ ಕಾಲದಲ್ಲಿ ಈ ನೆಲದ ಲೆಕ್ಕ ಬೇರೆ ಇತ್ತು. ಮಳೆಗಾಲದ ತೇವವನ್ನು ಎರೆಮಣ್ಣು ಹಿಡಿದಿಟ್ಟುಕೊಳ್ಳುತ್ತಿತ್ತು, ಚಳಿಗಾಲದಲ್ಲಿ ಜೋಳದ ಬೇರು ಅದನ್ನೆಲ್ಲ ಹೀರಿ ಮುಗಿಸುತ್ತಿತ್ತು. ಬೇಸಿಗೆಗೆ ಹೊಲ ಬಾಯಿ ಬಿಡುತ್ತಿತ್ತು. ಮುಂದಿನ ಮಳೆಯ ಮೊದಲ ನೀರೆಲ್ಲ ಆ ಬಿರುಕುಗಳ ಹೊಟ್ಟೆಗೇ ಸಾಲುತ್ತಿರಲಿಲ್ಲ. ಕೆಳಗೆ ಇಳಿದು ಹರಿಯಲು ಏನೂ ಉಳಿಯುತ್ತಿರಲಿಲ್ಲ. ಈಗ ಕಬ್ಬಿಗೆ ವರ್ಷವಿಡೀ ಹಸಿ ಬೇಕು. ಕಾಲುವೆಯ ಪಾಳಿ ಬಂದಾಗ ನೀರು ಬಿಟ್ಟರೆ ಹೊಲ ತುಂಬುವವರೆಗೂ ಬಿಡುವುದೇ. ಬೇರು ಕುಡಿದು ಉಳಿದದ್ದು ಮೆಲ್ಲಗೆ ಕೆಳಗಿಳಿದು, ಎರೆಯ ಅಡಿಯಲ್ಲಿರುವ, ಸಣ್ಣ ಕಲ್ಲು ಬೆರೆತ ಗರಸಿನ ಪದರು ಮುಟ್ಟಿ, ಆ ಸಡಿಲ ಪದರಿನಲ್ಲಿ ಇಳಿಜಾರು ಹಿಡಿದು ನಮ್ಮ ಕಡೆ ಬರುತ್ತಿತ್ತು. ಇದನ್ನೆಲ್ಲ ಅವತ್ತೇ ಹೀಗೆ ಬಿಡಿಸಿ ಹೇಳುವಷ್ಟು ನನಗೆ ತಿಳಿದಿರಲಿಲ್ಲ. ಕಾಲ ಕೆಳಗೆ ಮಣ್ಣು ಮೆತ್ತಗಿತ್ತು, ಒಡ್ಡಿನ ಉದ್ದಕ್ಕೂ ಬಿಳಿ ಉಪ್ಪು ಎದ್ದಿತ್ತು, ಕಬ್ಬಿನ ಕೆಳಗಿನ ಸಾಲುಗಳು ಹಳದಿಯಾಗಿದ್ದವು. ಅಷ್ಟು ಕಂಡಿತು. ನಮ್ಮೂರವರು ಅದಕ್ಕೆ ಸವಳು ಅನ್ನುತ್ತಾರೆ.

ನನ್ನ ಗಂಡ ಒಡ್ಡಿನ ಮೇಲೆ ನಿಂತು ಆ ಕಡೆ ಈ ಕಡೆ ನೋಡಿ, "ಇಲ್ಲೊಂದು ಕೊರಕಲು ಇತ್ತಲ್ಲ" ಎಂದರು. ಎರಡು ಹೊಲಗಳ ನಡುವೆ ಮಳೆನೀರು ಕೊರೆದುಕೊಂಡಿದ್ದ ಆಳದ ಹಾದಿ, ನೇರವಾಗಿ ಹಳ್ಳಕ್ಕೆ ಹೋಗುತ್ತಿತ್ತಂತೆ. ಹುಡುಗರಾಗಿದ್ದಾಗ ಅದರಲ್ಲಿ ಇಳಿದು ಅಡಗಿ ಆಡುತ್ತಿದ್ದರಂತೆ. ಕಬ್ಬು ಹಾಕುವ ಮುಂಚೆ ಭಾವ ಹೊಲ ಸಮ ಮಾಡಿಸಿದಾಗ ಅದನ್ನು ಮುಚ್ಚಿಸಿ, ಇನ್ನಷ್ಟು ಸಾಲು ಎಳೆಸಿದ್ದರು. ಆಗ ಯಾರಿಗೂ ಅದು ದೊಡ್ಡದು ಅನ್ನಿಸಿರಲಿಲ್ಲ. ನಮ್ಮ ಕಡೆಯ ಅಂಚೂ ಸ್ವಲ್ಪ ಅಗಲವಾಗಿತ್ತು, ನಮಗೂ ಖುಷಿಯೇ ಆಗಿತ್ತು.

ಆದರೆ ಭಾವನ ಹತ್ತಿರ ಹೋಗಿ ಇದನ್ನು ಹೇಳುವುದು ಹೇಗೆ? ಅಪ್ಪನನ್ನು ಕಳೆದುಕೊಂಡ ಮನುಷ್ಯ. ಆ ಕಾರ್ಯದ ನಂತರ ಅವರು ನಮ್ಮ ಮನೆಯ ಕಡೆ ಬಂದಿರಲಿಲ್ಲ. ನನ್ನ ಗಂಡ ಇವತ್ತು ನಾಳೆ ಎಂದು ಮುಂದೂಡುತ್ತಿದ್ದರು. ಅಷ್ಟರಲ್ಲಿ ಅತ್ತೆ ನಮ್ಮಿಬ್ಬರ ಮಾತು ಕೇಳಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಸೆರಗು ಸರಿಮಾಡಿಕೊಂಡು, "ಬಾ ಯವ್ವಾ, ಹೋಗೂಣು" ಎಂದರು.

"ಎಲ್ಲಿಗ್ರಿ ಅತ್ತಿ?"

"ಅವನ ಮನಿಗೆ. ಮತ್ತೆಲ್ಲಿಗೆ?"

ಭಾವ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಮ್ಮನ್ನು ಕಂಡು ಎದ್ದು, "ಬರ್ರಿ ಕಾಕಿ, ಬರ್ರಿ" ಎಂದರು. ಅತ್ತೆ ಕುಳಿತರು. ಚಹಾ ಬರುವವರೆಗೂ ಕಾಯಲಿಲ್ಲ.

"ನಿನ್ನ ಕಬ್ಬು ಕುಡದು ಉಳಿದ ನೀರು ಹಿರ್ಯಾರ ಮ್ಯಾಲೆ ಬೀಳಾಕತ್ತೈತಿ."

ಭಾವನ ಮುಖ ಬಿಗಿಯಿತು. "ಭೂಮ್ಯಾಗಿನ ನೀರಿನ ಮ್ಯಾಲೆ ಹೆಸರು ಬರದಿರ್ತಾರೇನ್ರಿ ಕಾಕಿ, ಇದು ಇಂಥವಂದು ಅಂತ? ಕಾಲುವಿ ಬಂದ ಮ್ಯಾಲೆ ಇಡೀ ಸೀಮಿನ ಹಸಿ ಆಗೇತಿ. ನನ್ನೊಬ್ಬಂದ ಏನು?"

"ಹೆಸರು ಬರದಿಲ್ಲ. ಅದಕ್ಕ ನೀ ಬಂದು ನೋಡು. ನಂದು ತಪ್ಪಾದ್ರ ನಾನ ಕೈ ಮುಗೀತೀನಿ."

"ಕಬ್ಬು ಕಿತ್ತಿ ಒಗಿ ಅಂತೀರೇನು?"

"ನಾ ಹಂಗ ಅಂದ್ನೇನು? ನಿನ್ನ ಮಕ್ಕಳೂ ಉಣಬೇಕು. ನೀರು ಹೋಗಾಕ ಒಂದು ದಾರಿ ಮಾಡಂತೀನಿ. ಮದಲ ಇತ್ತಲ್ಲ."

ಚಹಾ ಬಂತು. ಭಾವ ಲೋಟ ಕೈಯಲ್ಲಿ ಹಿಡಿದುಕೊಂಡೇ ತಗ್ಗಿದ ದನಿಯಲ್ಲಿ ಹೇಳಿದರು, "ಅಪ್ಪನ್ನ ಇಳಿಸೂ ಮುಂದ ಆ ನೀರು ತಗದಾವ ನಾನ ಅಲ್ಲೇನ್ರಿ. ಅಗದಿ ತಣ್ಣಗಿತ್ತು. ಅವತ್ತಿಂದ ನಂಗ ಆ ಹೊಲದ ಕಡೆ ಹೋಗಾಕ ಮನಸ್ಸು ಬರವಲ್ದು. ಆಳು ಕಳಸ್ತೀನಿ, ನಾ ಹೋಗೂದಿಲ್ಲ."

ಅತ್ತೆ ಅವರ ಮೊಣಕಾಲ ಮೇಲೆ ಕೈ ಇಟ್ಟರು. "ಲೇ, ನಿಮ್ಮಪ್ಪ ಏನೂ ಸಿಟ್ಟಾಗಿಲ್ಲ. ಜೀವನ ಪೂರ್ತಿ ನೀರಿಗೆ ದಾರಿ ನೋಡಿದಾವ. ಇನ್ನ ಮುಂದಿನವರ ಚಿಂತಿ ಮಾಡು. ಮುಂದಿನಾಕಿ ನಾನ."

ಅಲ್ಲಿ ಎಲ್ಲರೂ ನಕ್ಕೆವು. ಭಾವ ಕಣ್ಣೊರೆಸಿಕೊಂಡು ನಕ್ಕರು.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು, ಕಬ್ಬು ಕಡಿದು ಹೋದ ಮೇಲೆ ಜೆಸಿಬಿ ತರಿಸಿದೆವು. ಕೊರಕಲು ಇದ್ದ ಸಾಲಿನಲ್ಲೇ, ಅರ್ಧ ಅವರ ನೆಲ, ಅರ್ಧ ನಮ್ಮ ನೆಲ ಬಿಟ್ಟುಕೊಟ್ಟು, ಗರಸು ಕಾಣುವವರೆಗೂ ಬಸಿಗಾಲುವೆ ತೋಡಿಸುವುದು ಎಂದಾಯಿತು. ಯಂತ್ರದ ಬಾಯಿ ಕರಿ ಮಣ್ಣು ದಾಟಿ ಹಳದಿ ಗರಸಿಗೆ ತಾಕಿದ ಸ್ವಲ್ಪ ಹೊತ್ತಿಗೆ ಮೇಲಿನ ಹೊಲದ ಕಡೆಯ ಗೋಡೆಯಿಂದ ನೀರು ಹೊರಬಂತು. ಎಳೆ ಎಳೆಯಾಗಿ, ಗಾಯದಿಂದ ಬಂದ ಹಾಗೆ. ಭಾವ ಇಳಿದು ಬೆರಳಿಗೆ ತಗೊಂಡು ನಾಲಿಗೆಗೆ ಹಚ್ಚಿ ಉಗುಳಿದರು. "ಉಪ್ಪು" ಎಂದರು. ಆಮೇಲೆ ಮತ್ತೆ ಯಾರ ನೀರು ಎಂಬ ಮಾತು ಬರಲಿಲ್ಲ.

ಬಸಿಗಾಲುವೆಯ ಬಾಯಿ ಹಳ್ಳ ಮುಟ್ಟಬೇಕಾದರೆ ಬಂಡಿದಾರಿ ದಾಟಬೇಕಿತ್ತು. ಅದಕ್ಕೆ ಊರ ಹಿರಿಯರ ಒಪ್ಪಿಗೆ ತೆಗೆದುಕೊಂಡು, ದಾರಿಯ ಕೆಳಗೆ ಸಿಮೆಂಟಿನ ಪೈಪು ಕೂಡಿಸಿದೆವು. ಕೆಲಸ ಮುಗಿಯಿತು ಅಂದುಕೊಂಡೆವು. ಮೊದಲ ದೊಡ್ಡ ಮಳೆಗೆ ಬಸಿಗಾಲುವೆಯ ಎರಡೂ ದಂಡೆ ಕುಸಿದು ಬಿದ್ದವು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ನೆಟ್ಟಗೆ ಕಡಿದ ಗೋಡೆ ಅದಕ್ಕೆ ನಿಲ್ಲುವುದಿಲ್ಲ ಎಂದು ನಮಗೆ ಹೊಳೆದಿರಲಿಲ್ಲ. ನೀರು ಅಲ್ಲಲ್ಲೇ ಕಟ್ಟಿಕೊಂಡು, ಬೇವಿನ ಗಿಡದ ಸುತ್ತ ಮೊದಲಿಗಿಂತ ಹೆಚ್ಚು ರಾಡಿಯಾಯಿತು. ಅವತ್ತು ನನಗೆ ಮನೆಗೆ ಹೋಗಿ ಅತ್ತೆಯ ಮುಖ ನೋಡುವ ಧೈರ್ಯ ಇರಲಿಲ್ಲ. "ಏನಾತು?" ಎಂದು ಕೇಳಿದರೆ, "ಸ್ವಲ್ಪ ಮಣ್ಣು ಬಿದ್ದೈತ್ರಿ" ಎಂದಷ್ಟೇ ಹೇಳಿದೆ. ಅವರು ಅರ್ಧ ರೊಟ್ಟಿ ತಿಂದು ಕೈ ತೊಳೆದರು.

ಮಳೆ ಹೊಳವಾದ ಮೇಲೆ ನನ್ನ ಗಂಡ, ಭಾವ ಇಬ್ಬರೂ ಚಡ್ಡಿ ಹಾಕಿಕೊಂಡು ಸಲಿಕೆ ಹಿಡಿದು ಇಳಿದರು. ಬಿದ್ದ ಮಣ್ಣು ಎತ್ತಿ ದಂಡೆಗಳನ್ನು ಓರೆಯಾಗಿ ಇಳಿಸಿದರು. ಪಾಲಾದ ಮೇಲೆ ಅಣ್ಣತಮ್ಮ ಒಂದೇ ಹೊಲದಲ್ಲಿ ಹೀಗೆ ಕೂಡಿ ದುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ತಲೆಯಿಂದ ಕಾಲಿನವರೆಗೆ ಕರ್ರಗೆ. ನಾನು ಬುತ್ತಿ ತೆಗೆದುಕೊಂಡು ಹೋದರೆ ಯಾರು ಗಂಡ, ಯಾರು ಭಾವ ಎಂದು ಗುರುತು ಹತ್ತಲಿಲ್ಲ. ಭಾವನ ಹೆಂಡತಿಯೂ ನಾನೂ ಹುಲ್ಲಿನ ಗಡ್ಡೆ ತಂದು ಓರೆಯ ಉದ್ದಕ್ಕೂ ನೆಟ್ಟೆವು. ಆ ಹುಲ್ಲು ಬೇರು ಬಿಟ್ಟ ಮೇಲೆ ದಂಡೆ ನಿಂತಿತು. ಬಸಿಗಾಲುವೆಗೆ ತಾಗಿದ ಪಟ್ಟಿಯಲ್ಲಿ ಭಾವ ಕಬ್ಬು ಬಿಟ್ಟು ಮತ್ತೆ ಜೋಳ ಬಿತ್ತಿದರು. ಉಳಿದ ಕಬ್ಬಿಗೆ ಹೊಲ ತುಂಬಿಸುವುದನ್ನು ನಿಲ್ಲಿಸಿ, ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸತೊಡಗಿದರು. ಪಾಳಿಯ ದಿನ ಮನೆಗೆ ಬಂದು ಮಲಗುವ ರೂಢಿ ಬಿಟ್ಟು, ತಾವೇ ನಿಂತು ಸಾಲಿನ ಬಾಯಿಗೆ ಮಣ್ಣು ಕಟ್ಟಿ, ತೆಗೆದು, ಮಡೆ ತಿರುವುತ್ತಿದ್ದರು.

ಹಿಂಗಾರಿ ಮತ್ತೆ ಬಂತು. ಕಾಲುವೆಯಲ್ಲಿ ನೀರು ಬಂತು. ಮೇಲಿನ ಕಬ್ಬಿಗೆ ಪಾಳಿಯೂ ಆಯಿತು. ದೊಡ್ಡವರ ವರ್ಷದ ಪೂಜೆಗೆ ಎಲ್ಲರೂ ಬೇವಿನ ಗಿಡದ ಹತ್ತಿರ ಸೇರಿದೆವು. ಪೂಜೆ ಮುಗಿದು ಎಡೆ ಹಿಡಿದ ಮೇಲೆ ಅತ್ತೆ ನನ್ನ ಮಾವನ ಗದ್ದುಗೆಯ ಬಾಜು ಹೋಗಿ ನಿಂತರು. ಕೋಲಿನಿಂದ ನೆಲ ತಟ್ಟಿ, "ಇಲ್ಲೆ ತೋಡ್ರಿ" ಎಂದರು.

"ಬಿಡು ಬೇ, ಅಪಶಕುನ" ಎಂದರು ನನ್ನ ಗಂಡ.

"ನೀರು ಐತೋ ಇಲ್ಲೋ ನೋಡಾಕ ಎಂಥಾ ಅಪಶಕುನ? ಬಾಂವಿ ತೋಡೂ ಮುಂದ ನೋಡೂದಿಲ್ಲೇನು?"

ಭಾವ ಹಾರೆ ತೆಗೆದುಕೊಂಡರು. ಅತ್ತೆಗೆ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿದೆವು. ಮೇಲಿನ ಮಣ್ಣು ಪುಡಿಪುಡಿಯಾಗಿ ಬಂತು. ಮೊಣಕಾಲುದ್ದ, ಸೊಂಟದುದ್ದ. ಆಮೇಲೆ ಮಣ್ಣು ಸ್ವಲ್ಪ ಕಪ್ಪಾಯಿತು, ನಾನು ಬಗ್ಗಿ ನೋಡಿದೆ. ಎದೆಯುದ್ದ ಹೋದಾಗ ಭಾವ ಹಾರೆ ನಿಲ್ಲಿಸಿ ಗೋಡೆಗೆ ಅಂಗೈ ಒತ್ತಿದರು. ಅಲ್ಲೇ ನಿಂತರು. ಆಮೇಲೆ ಅಂಗೈ ತಿರುವಿ ನಮಗೆ ತೋರಿಸಿದರು. ಬರೀ ಪುಡಿಮಣ್ಣು ಅಂಟಿತ್ತು.

"ಒಂದು ಹೆಂಟಿ ಕೊಡು" ಎಂದರು ಅತ್ತೆ.

ತಳದಿಂದ ತೆಗೆದ ಹೆಂಟೆಯೊಂದನ್ನು ಭಾವ ಅವರ ಕೈಗಿಟ್ಟರು. ಅತ್ತೆ ಅದನ್ನು ಹಿಸುಕಿದರು. ಮುದ್ದೆಯಾಗಲಿಲ್ಲ, ಮುರಿದು ಉದುರಿತು. ತಣ್ಣನೆಯ ಹಸಿ ಒಂದಿಷ್ಟು ಇತ್ತು, ನೀರು ಇರಲಿಲ್ಲ. ಮೂಗಿಗೆ ಹಿಡಿದು ನೋಡಿದರು. "ಛಲೋ ಹದಾ ಐತಿ" ಎಂದರು. "ಇದರಾಗ ಜೋಳಾ ಬಿತ್ತಿದ್ರೂ ಬರ್ತೈತಿ, ನನ್ನ ಬಿತ್ತಿದ್ರೂ ನಡೀತೈತಿ."

ನನ್ನ ಗಂಡ ಪಕ್ಕಕ್ಕೆ ತಿರುಗಿ ಮೂಗು ಒರೆಸಿಕೊಂಡರು. ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ಭಾವ ಕುಣಿಯೊಳಗೇ ಕುಳಿತುಬಿಟ್ಟಿದ್ದರು, ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿಕೊಂಡು. "ಏಳಪ್ಪ, ಆ ಜಾಗಾ ನಂದು" ಎಂದು ಅತ್ತೆ ಗದರಿದ ಮೇಲೆ ಎದ್ದರು.

ಆದರೆ ತೋಡಿದ ಕುಣಿ ಖಾಲಿ ಬಿಡಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಬಾಯಿ ತೆರೆದು ಬಿಟ್ಟರೆ ಯಾರನ್ನಾದರೂ ಕರೆಯುತ್ತದಂತೆ. ಸುಮ್ಮನೆ ಮಣ್ಣು ಮುಚ್ಚುವುದಕ್ಕೂ ಅತ್ತೆಗೆ ಮನಸ್ಸಿರಲಿಲ್ಲ.

"ಪತ್ರಿ ಗಿಡಾ ಹಚ್ಚೂಣ್ರಿ ಕಾಕಿ, ಪೂಜಿಗೆ ಆಗ್ತೈತಿ" ಎಂದರು ಭಾವ.

"ಪತ್ರಿ ತಿನ್ನಾಕ ಬರ್ತೈತೇನು? ಪೇರಲ ಹಚ್ಚು."

"ಮತ್ತ ನಿಮ್ಮ ಜಾಗಾ?"

"ಈ ಬಾಜು ಬ್ಯಾಡ, ಆ ಬಾಜು ಇರ್ಲಿ. ನಿಮ್ಮ ಕಾಕಾಗ ಎರಡೂ ಕಡೆ ಬಾಜು ಅದಾವು."

ಹೀಗೆ ಅಲ್ಲಿ ಪೇರಲ ಗಿಡ ಬಂತು. ಸಸಿ ತಂದವರು ಭಾವನೇ, ಅದೇ ದಿನ ಅಣ್ಣಿಗೇರಿಗೆ ಹೋಗಿ. ಅವತ್ತು ಮನೆಗೆ ಬಂದ ಅತ್ತೆ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು ಉಂಡು ಮಲಗಿದವರು ಬಿಸಿಲು ಅಂಗಳಕ್ಕೆ ಬರುವವರೆಗೂ ಏಳಲಿಲ್ಲ. ನಾನು ಗಾಬರಿಯಾಗಿ ಹೋಗಿ ಉಸಿರು ನೋಡಿದೆ. ಗೊರಕೆ ಹೊಡೆಯುತ್ತಿದ್ದರು.

ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ. ಸವಳು ಪೂರ್ತಿ ಹೋಗಿಲ್ಲ. ಒಡ್ಡಿನ ಹತ್ತಿರ ಬೇಸಿಗೆಯಲ್ಲಿ ಇನ್ನೂ ಬಿಳುಪು ಕಾಣುತ್ತದೆ. ವರ್ಷಕ್ಕೊಮ್ಮೆ ಬಸಿಗಾಲುವೆಯ ಹೂಳು ತೆಗೆಯದಿದ್ದರೆ ಮತ್ತೆ ಹಳೆಯ ಕಥೆಯೇ. ಅಣ್ಣತಮ್ಮ ಇಬ್ಬರೂ ಯುಗಾದಿ ಮುಗಿದ ಕೂಡಲೇ ಅದನ್ನು ಮಾಡುತ್ತಾರೆ, ಒಬ್ಬರು ಮರೆತರೆ ಇನ್ನೊಬ್ಬರು ಬಂದು ಕದ ತಟ್ಟುತ್ತಾರೆ. ಹೋದ ಚಳಿಗಾಲದಲ್ಲಿ ನಮ್ಮ ಕೆಳಗಿನ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿತ್ತು. ಅತ್ತೆ ಒಡ್ಡಿನ ಮೇಲೆ ಕುಳಿತು ಉಡಿ ತುಂಬ ಹಸಿ ಕಡಲೆ ಸುಲಿದು ತಿನ್ನುತ್ತಿದ್ದರು. ಹೊಟ್ಟೆ ಕೆಟ್ಟೀತು, ಸಾಕು ಎಂದೆ.

"ಕೆಟ್ರ ಕೆಡಲಿ" ಎಂದು ನನ್ನ ಕೈಗೂ ಒಂದು ಹಿಡಿ ಹಾಕಿದರು. "ತಿನ್ನು. ಎಳೇದೈತಿ."